ಮಡಿಕೇರಿ ಕೋಟೆಯಿಂದ ಗದ್ದುಗೆವರೆಗೆ: ಒಂದು ದಿನ, ನಿಮ್ಮದೇ ನಡಿಗೆ

ಮಡಿಕೇರಿಗೆ ಬರುವವರಲ್ಲಿ ಹೆಚ್ಚಿನವರು ಕೋಟೆಗೆ ಕೊಡುವುದು ಹದಿನೈದು ನಿಮಿಷ. ಅಬ್ಬಿ ಜಲಪಾತ, ದುಬಾರೆ, ತಲಕಾವೇರಿ ಅಂತ ಪಟ್ಟಿ ಹಿಡಿದು ಬಂದವರಿಗೆ ಊರಿನ ನಡುವೆಯೇ ಇರುವ ಕೋಟೆ ಕಣ್ಣಿಗೆ ಬೀಳುವುದಿಲ್ಲ. ಕಳೆದ ಸಲ ಮೈಸೂರಿನಿಂದ ಬಂದ ನಮ್ಮ ನೆಂಟರಿಗೆ ಬಾಡಿಗೆ ಕಾರಿನ ಡ್ರೈವರ್ "ಅಲ್ಲಿ ನೋಡೋಕೆ ಏನೂ ಇಲ್ಲ ಸರ್, ಬರೀ ಆಫೀಸು" ಅಂದುಬಿಟ್ಟಿದ್ದ. ನನಗೆ ತುಂಬಾ ಬೇಜಾರಾಯಿತು. ಮಾರನೇ ದಿನ ನಾನೇ ಅವರನ್ನು ಕರೆದುಕೊಂಡು ಹೊರಟೆ. ಬೆಳಿಗ್ಗೆ ಹೋದವರು ಮನೆಗೆ ಬಂದಿದ್ದು ಕತ್ತಲಾದ ಮೇಲೆ.

ಅದೇ ದಾರಿಯನ್ನು ಇಲ್ಲಿ ಬರೆದಿದ್ದೇನೆ. ಗೈಡ್ ಬೇಕಿಲ್ಲ. ನಡಿಗೆ ಎಲ್ಲ ಸೇರಿ ನಾಲ್ಕು ಕಿಲೋಮೀಟರ್ ಆಸುಪಾಸು. ಆದರೆ ಮಡಿಕೇರಿಯಲ್ಲಿ ಸಮತಟ್ಟಾದ ರಸ್ತೆ ಅಂತ ಇಲ್ಲ, ಒಂದೋ ಏರು, ಇಲ್ಲಾ ಇಳಿಜಾರು. ವಯಸ್ಸಾದವರು ಜೊತೆಗಿದ್ದರೆ ನಡುವೆ ಆಟೋ ಹಿಡಿಯಿರಿ.

ಹೊರಡುವ ಮೊದಲು

ಅಕ್ಟೋಬರ್‌ನಿಂದ ಫೆಬ್ರವರಿ ಒಳ್ಳೆ ಸಮಯ. ಜೂನ್‌ನಿಂದ ಸೆಪ್ಟೆಂಬರ್ ತನಕ ಮಳೆ ಬಿಡುವುದೇ ಇಲ್ಲ. ಕೋಟೆಯ ಕಲ್ಲಿನ ಮೇಲೆಲ್ಲ ಪಾಚಿ ಕಟ್ಟಿರುತ್ತದೆ. ಆಗ ಬಂದರೆ ಹಿಡಿತ ಇರುವ ಚಪ್ಪಲಿ ಅಥವಾ ಶೂ ಇರಲಿ. ಕೊಡೆ ಮಾತ್ರ ಯಾವ ತಿಂಗಳಾದರೂ ಬ್ಯಾಗಿನಲ್ಲಿರಲಿ. ಸೋಮವಾರ ಬೇಡ. ಸರ್ಕಾರಿ ಮ್ಯೂಸಿಯಂಗಳಿಗೆ ಸಾಮಾನ್ಯವಾಗಿ ಅವತ್ತೇ ರಜೆ. ಶುಕ್ರವಾರವಾದರೆ ಸಂತೆಯೂ ಸಿಗುತ್ತದೆ.

ಇನ್ನೊಂದು ಮಾತು. ಹೋದಲ್ಲೆಲ್ಲ ಒಂದೇ ಪ್ರಶ್ನೆ ಕೇಳಿಕೊಳ್ಳಿ: ಇದು ಯಾರ ಕಾಲದ್ದು? ಈ ಊರಿನಲ್ಲಿ ಒಬ್ಬರು ಕಟ್ಟಿದ್ದರ ಮೇಲೆ ಇನ್ನೊಬ್ಬರು ಕಟ್ಟಿದ್ದಾರೆ. ಈ ಪ್ರಶ್ನೆ ತಲೆಯಲ್ಲಿದ್ದರೆ ಸುಮ್ನೆ ನಿಂತ ಗೋಡೆಯೂ ಕತೆ ಹೇಳುತ್ತದೆ.

ಕೋಟೆ ಬಾಗಿಲು

ಬಸ್ಸಿನಿಂದ ಇಳಿದು ಯಾರನ್ನು ಕೇಳಿದರೂ ಕೋಟೆ ತೋರಿಸುತ್ತಾರೆ. ಬಾಗಿಲು ಇರುವುದು ಪೂರ್ವಕ್ಕೆ. ಒಳಗೆ ನುಗ್ಗುವ ಆತುರ ಬೇಡ, ಹೊರಗೇ ಎರಡು ನಿಮಿಷ ನಿಲ್ಲಿ. ಒಳಗಿನದ್ದು ಏನಾದರೂ ಕಾಣುತ್ತದಾ ನೋಡಿ. ಕಾಣುವುದಿಲ್ಲ. ದಾರಿ ನೇರವಾಗಿಲ್ಲ, ತಿರುಗಿ ತಿರುಗಿ ಒಳಗೆ ಹೋಗುತ್ತದೆ. ಹೊರಗಿನಿಂದ ಬಂದ ಸೈನ್ಯ ಒಂದೇ ಓಟಕ್ಕೆ ಒಳಗೆ ಬರಬಾರದು, ತಿರುವಿನಲ್ಲಿ ನಿಧಾನ ಮಾಡಲೇಬೇಕು, ಆಗ ಮೇಲಿನಿಂದ ಹೊಡೆಯಬಹುದು. ಅದಕ್ಕೇ ಈ ಸುತ್ತು. ನಡೆದುಕೊಂಡು ಹೋದರಷ್ಟೇ ಇದು ಗೊತ್ತಾಗುತ್ತದೆ, ಕಾರಿನಲ್ಲಿ ಕೂತವರಿಗೆ ಬರೀ ತಿರುವು.

ಮೊದಲು ಇಲ್ಲಿದ್ದದ್ದು ಮಣ್ಣಿನ ಕೋಟೆ. ಕೊಡಗನ್ನು ಆಳಿದ ಹಾಲೇರಿ ವಂಶದ ಮುದ್ದುರಾಜ 1681ರಲ್ಲಿ ಹಾಲೇರಿಯಿಂದ ರಾಜಧಾನಿಯನ್ನು ಈ ಗುಡ್ಡಕ್ಕೆ ತಂದ. ಮುದ್ದುರಾಜನ ಕೇರಿ, ಮುದ್ದುರಾಜಕೇರಿ, ಆಡುತ್ತಾ ಆಡುತ್ತಾ ಮಡಿಕೇರಿ. ನೂರು ವರ್ಷದ ನಂತರ ಟಿಪ್ಪು ಸುಲ್ತಾನ್ ಅದನ್ನೇ ಕಲ್ಲಿನಲ್ಲಿ ಕಟ್ಟಿಸಿ ಜಾಫರಾಬಾದ್ ಅಂತ ಹೆಸರಿಟ್ಟ. ನೀವು ಕೈಯಿಟ್ಟು ಮುಟ್ಟುವ ಗೋಡೆ ಆ ಕಾಲದ್ದು. 1790ರಲ್ಲಿ ಕೋಟೆ ಅದೇ ಹಾಲೇರಿ ವಂಶದ ದೊಡ್ಡವೀರರಾಜೇಂದ್ರನ ಕೈಗೆ ವಾಪಸ್ ಬಂತು. ಹೊಸ ಹೆಸರು ಹೋಯಿತು, ಗೋಡೆ ಉಳಿಯಿತು.

ಈ ಕೋಟೆಯ ಬಳಿಯೇ 1837ರ ಅಕ್ಟೋಬರ್ 31ರಂದು ಗುಡ್ಡೆಮನೆ ಅಪ್ಪಯ್ಯಗೌಡರನ್ನು ಬ್ರಿಟಿಷರು ಎಲ್ಲರ ಎದುರಿಗೆ ಗಲ್ಲಿಗೇರಿಸಿದರು. ಬ್ರಿಟಿಷರ ವಿರುದ್ಧ ಎದ್ದ ಅಮರ ಸುಳ್ಯದ ದಂಗೆಯಲ್ಲಿ ಮುಂದೆ ನಿಂತವರು ಅವರು. ಬಾಗಿಲಲ್ಲಿ ನಿಂತಾಗ ಅವರನ್ನು ಒಂದು ಕ್ಷಣ ನೆನೆಯದೆ ಮುಂದೆ ಹೋಗಲು ನನಗಂತೂ ಆಗುವುದಿಲ್ಲ.

ಪ್ರವೇಶದಲ್ಲೇ ಕೋಟೆ ಮಹಾಗಣಪತಿ. ಇಲ್ಲಿನವರು ಹರಕೆ ಹೊತ್ತು ಈಡುಗಾಯಿ ಒಡೆಯುವುದು ಇಲ್ಲೇ. ದಸರಾದ ಹತ್ತು ಮಂಟಪಗಳಲ್ಲಿ ಈ ಗಣಪತಿಯದ್ದೂ ಒಂದು. ಕೈಮುಗಿದು ಮುಂದೆ ಹೋಗಿ.

ಆನೆ, ಅರಮನೆ, ಚರ್ಚು

ಒಳಗೆ ಈಶಾನ್ಯ ಮೂಲೆಗೆ ಹೋಗಿ. ಎರಡು ಆನೆಗಳು ನಿಂತಿವೆ. ನಿಜವಾದ ಆನೆಯಷ್ಟೇ ದೊಡ್ಡವು, ಗಾರೆ ಕೆಲಸದವು. ದಿನಾ ಬೆಳಿಗ್ಗೆ ರಾಜನಿಗೆ ಸಲಾಮು ಮಾಡುತ್ತಿದ್ದ ಎರಡು ಆನೆಗಳು ಒಂದು ದಿನ ಮಾಡಲಿಲ್ಲವಂತೆ, ಸಿಟ್ಟಿನಲ್ಲಿ ರಾಜ ಅವನ್ನು ಕೊಲ್ಲಿಸಿದನಂತೆ, ಆಮೇಲೆ ಪಶ್ಚಾತ್ತಾಪಪಟ್ಟು ಇವನ್ನು ಮಾಡಿಸಿದನಂತೆ. ಇದು ಊರಿನವರ ಬಾಯಿಮಾತಿನ ಕತೆ, ಇತಿಹಾಸ ಅಂತ ತಗೋಬೇಡಿ. ಮಕ್ಕಳಿದ್ದರೆ ತಪ್ಪದೆ ಹೇಳಿ. ಆನೆಯ ಮೇಲೆ ಹತ್ತಲು ಮಾತ್ರ ಬಿಡಬೇಡಿ.

ಅರಮನೆ ಎರಡು ಅಂತಸ್ತಿನದ್ದು. 1812ರಿಂದ 1814ರ ನಡುವೆ ದೊಡ್ಡವೀರರಾಜೇಂದ್ರನ ತಮ್ಮ ಲಿಂಗರಾಜೇಂದ್ರ ಇದನ್ನು ಇಟ್ಟಿಗೆ ಗಾರೆಯಲ್ಲಿ ಕಟ್ಟಿಸಿದ. ಮುಂದೆ ಚಾಚಿಕೊಂಡಿರುವ ಪೋರ್ಟಿಕೋ ಮತ್ತು ಗಡಿಯಾರದ ಗೋಪುರ ನೋಡಿ. ಉಳಿದ ಕಟ್ಟಡದ ಜೊತೆ ಅವು ಪೂರ್ತಿ ಬೆರೆಯುವುದಿಲ್ಲ ಅಲ್ವಾ? ಅವು 1933ರಲ್ಲಿ ಬ್ರಿಟಿಷರು ಸೇರಿಸಿದ್ದು. ಪೋರ್ಟಿಕೋ ಕಟ್ಟಿದ್ದು ಕಮಿಷನರ್ ಸಾಹೇಬರ ಕಾರು ನಿಲ್ಲಿಸಲು. ಕೊನೆಯ ರಾಜ ಹೋಗಿ ನೂರು ವರ್ಷ ಆಗುವಷ್ಟರಲ್ಲಿ ಅರಮನೆ ಬಾಗಿಲಿಗೆ ಕಾರು ಬಂದಿತ್ತು.

ಸ್ವಾತಂತ್ರ್ಯದ ನಂತರವೂ ಇಲ್ಲಿ ಬಹಳ ವರ್ಷ ಸರ್ಕಾರಿ ಕಚೇರಿಗಳಿದ್ದವು. ಒಳಗೆ ಬಿಡುತ್ತಾರಾ ಅಂತ ಬಾಗಿಲಲ್ಲಿ ಕೇಳಿ. ರಿಪೇರಿ ನಡೆಯುವಾಗ ಬಿಡುವುದಿಲ್ಲ. ಬಿಟ್ಟರೆ ಅಂಗಳದಲ್ಲಿರುವ ಕಲ್ಲಿನ ಆಮೆ ನೋಡದೆ ಬರಬೇಡಿ. ಎಲ್ಲರೂ ಆನೆಯ ಫೋಟೋ ತೆಗೆಯುತ್ತಾರೆ, ಆಮೆಯ ಹತ್ತಿರ ಯಾರೂ ಇರುವುದಿಲ್ಲ. ಬಗ್ಗಿ ಕೂತು ಬೆನ್ನಿನ ಕೆತ್ತನೆ ನೋಡಿ.

ಪಕ್ಕದ ಹಳೇ ಚರ್ಚ್ ಈಗ ಮ್ಯೂಸಿಯಂ. ಇಲ್ಲಿ ವೀರಭದ್ರ ದೇವಸ್ಥಾನವಿತ್ತು. ಬ್ರಿಟಿಷರು 1855ರಲ್ಲಿ ಅದನ್ನು ತೆಗೆಸಿ ಆ ಜಾಗದಲ್ಲಿ ಸೇಂಟ್ ಮಾರ್ಕ್ಸ್ ಚರ್ಚ್ ಕಟ್ಟಿಸಿದರು. 1971ರಲ್ಲಿ ಅದು ಸರ್ಕಾರಿ ಮ್ಯೂಸಿಯಂ ಆಯಿತು. ಒಳಗೆ ಬಣ್ಣದ ಗಾಜಿನ ಕಿಟಕಿ, ಅದರ ಮುಂದೆ ಜೈನ ವಿಗ್ರಹಗಳು, ವೀರಗಲ್ಲುಗಳು, ಹಳೇ ಆಯುಧಗಳು. ದೇವಸ್ಥಾನ ಹೋಗಿ ಚರ್ಚ್, ಚರ್ಚಿನೊಳಗೆ ಮತ್ತೆ ನಮ್ಮ ವಿಗ್ರಹಗಳು. ಇಲ್ಲಿ ಅರ್ಧ ಗಂಟೆಯಾದರೂ ಬೇಕು.

ಹೊರಡುವ ಮುನ್ನ ಗೋಡೆಯ ಮೇಲೆ ನಡೆಯಲು ಬಿಡುವ ಕಡೆ ಸ್ವಲ್ಪ ನಡೆಯಿರಿ. ಕೋಟೆಗೆ ಆರು ಮೂಲೆ, ಮೂಲೆ ಮೂಲೆಗೂ ದುಂಡನೆಯ ಬುರುಜು. ಗುಡ್ಡದ ತಲೆ ಹೇಗಿದೆಯೋ ಹಾಗೇ ಗೋಡೆ ಹೋಗಿದೆ, ಹಾಗಾಗಿ ಆರೂ ಬದಿ ಸಮವಾಗಿಲ್ಲ. ಇಲ್ಲಿಂದ ಊರು ಕೆಳಗೆ ಹರಡಿಕೊಂಡಿರುವುದು ಕಾಣುತ್ತದೆ.

ಇಳಿದರೆ ಓಂಕಾರೇಶ್ವರ

ಮಧ್ಯಾಹ್ನ ದೇವಸ್ಥಾನದ ಬಾಗಿಲು ಹಾಕುವ ಮೊದಲು ತಲುಪಿ. ಅಂದರೆ ಕೋಟೆಯಿಂದ ಹನ್ನೊಂದಕ್ಕೆಲ್ಲ ಹೊರಡಬೇಕು. ಇಳಿಜಾರಿನಲ್ಲಿ ಹತ್ತು ಹದಿನೈದು ನಿಮಿಷ.

ಮೊದಲ ಸಲ ನೋಡುವವರು ದರ್ಗಾನಾ ಅಂತ ಕೇಳುತ್ತಾರೆ. ನಡುವೆ ಗುಮ್ಮಟ, ನಾಲ್ಕು ಮೂಲೆಗೆ ಮಿನಾರ್. ಲಿಂಗರಾಜೇಂದ್ರ 1820ರಲ್ಲಿ ಕಟ್ಟಿಸಿದ್ದು. ಲಿಂಗ ಕಾಶಿಯಿಂದ ತಂದದ್ದು ಎನ್ನುತ್ತಾರೆ. ಮುಂದೆ ಕೊಳ, ಕೊಳದ ನಡುವೆ ಮಂಟಪ. ದರ್ಶನ ಆದ ಮೇಲೆ ಮೆಟ್ಟಿಲ ಮೇಲೆ ಕೂತು ನೀರು ನೋಡಿ. ಗಾಳಿ ಇಲ್ಲದ ಹೊತ್ತಿನಲ್ಲಿ ಗುಮ್ಮಟ ಇಡೀ ನೀರಿನಲ್ಲಿ ಬೀಳುತ್ತದೆ. ಒಂದು ಮೀನು ಮೇಲೆ ಬಂದು ಬಾಯಿ ತೆರೆದರೆ ಸಾಕು, ನೀರಿನಲ್ಲಿದ್ದ ಗುಮ್ಮಟ ಚೂರುಚೂರಾಗಿ ಮತ್ತೆ ನಿಧಾನಕ್ಕೆ ಕೂಡಿಕೊಳ್ಳುತ್ತದೆ. ಈ ಗುಮ್ಮಟದ ಆಕಾರ ನೆನಪಿಟ್ಟುಕೊಳ್ಳಿ, ಸಂಜೆಗೆ ಬೇಕಾಗುತ್ತದೆ.

ಊಟ, ಆಮೇಲೆ ಮಹದೇವಪೇಟೆ

ಊಟಕ್ಕೆ ಚೌಕಿ ಅನ್ನುವ ವೃತ್ತದ ಕಡೆ ಏರಿ ಬನ್ನಿ. ನೂಪುಟ್ಟು (ಅಕ್ಕಿ ಶಾವಿಗೆ), ಕಡಂಬುಟ್ಟು (ಅಕ್ಕಿ ತರಿಯ ಉಂಡೆ ಕಡುಬು) ಇದೆಯಾ ಅಂತ ಕೇಳಿ. ಮಾಂಸ ತಿನ್ನುವವರಿಗೆ ಕಡಂಬುಟ್ಟಿನ ಜೊತೆ ಪಂದಿಕರಿ, ಅಂದರೆ ಹಂದಿ ಮಾಂಸದ ಸಾರು. ಕೊನೆಗೆ ಬೆಲ್ಲದ ಕಾಫಿ ಸಿಕ್ಕರೆ ಬಿಡಬೇಡಿ.

ಚೌಕಿಯಿಂದ ಮಹದೇವಪೇಟೆ ಶುರು. ದೊಡ್ಡವೀರರಾಜೇಂದ್ರನ ರಾಣಿ ಮಹದೇವಮ್ಮಾಜಿಯ ಹೆಸರಿನ ಪೇಟೆ ಇದು. ಕರಿಮೆಣಸು, ಏಲಕ್ಕಿ, ಜೇನು, ಕಾಫಿಪುಡಿ, ಬಟ್ಟೆ, ಪಾತ್ರೆ ಎಲ್ಲ ಒಂದೇ ಬೀದಿಯಲ್ಲಿ. ಹಳೇ ಹೆಂಚಿನ ಮನೆಗಳು ಕಡಿಮೆ ಆಗುತ್ತಿವೆ. ಅಂಗಡಿ ಬೋರ್ಡಿನಿಂದ ಮೇಲಕ್ಕೆ ಕಣ್ಣು ಹಾಯಿಸಿ, ಮರದ ಕಿಟಕಿ ಇನ್ನೂ ಅಲ್ಲಲ್ಲಿ ಉಳಿದಿವೆ.

ಗದ್ದುಗೆ

ಪೇಟೆಯ ಆಚೆ ತುದಿಗೆ ರಾಜರ ಗದ್ದುಗೆ, ಅಂದರೆ ಸಮಾಧಿಗಳು. ಬೆಳಿಗ್ಗೆ ಅವರು ಬದುಕಿದ್ದ ಮನೆ ನೋಡಿದಿರಿ, ಈಗ ಅವರು ಮಲಗಿರುವ ಜಾಗ. ನಡುವಿನದ್ದು ದೊಡ್ಡವೀರರಾಜೇಂದ್ರ ಮತ್ತು ಮಹದೇವಮ್ಮಾಜಿಯದ್ದು. ಈಗಷ್ಟೇ ದಾಟಿ ಬಂದ ಪೇಟೆಯ ಹೆಸರಿನ ರಾಣಿ ಇಲ್ಲೇ ಇದ್ದಾಳೆ. ಒಂದು ಪಕ್ಕದ್ದು ಲಿಂಗರಾಜೇಂದ್ರನದ್ದು, ಇನ್ನೊಂದು ರಾಜಗುರು ರುದ್ರಪ್ಪನವರದ್ದು.

ಈಗ ಓಂಕಾರೇಶ್ವರ ನೆನಪಿಸಿಕೊಳ್ಳಿ. ಅದೇ ಗುಮ್ಮಟ, ಅದೇ ಮೂಲೆಯ ಗೋಪುರಗಳು. ಆದರೆ ಇಲ್ಲಿ ಗೋಪುರಗಳ ಮೇಲೆ ಬಸವ, ಅಂದರೆ ನಂದಿ, ಕೂತಿದ್ದಾನೆ. ಈ ರಾಜರು ಲಿಂಗಾಯತರು. ಒಂದೇ ಕಟ್ಟಡದಲ್ಲಿ ಗುಮ್ಮಟವೂ ಬಸವನೂ ಎಷ್ಟು ಸಲೀಸಾಗಿ ಒಟ್ಟಿಗಿವೆ ನೋಡಿ. ಮಡಿಕೇರಿಯಲ್ಲಿ ನನಗೆ ಎಲ್ಲಕ್ಕಿಂತ ಪ್ರೀತಿಯ ನೋಟ ಇದು.

ಹತ್ತಿರದಲ್ಲೇ ಬಿದ್ದಂಡ ಬೋಪು ಮತ್ತು ಅವರ ಮಗ ಬಿದ್ದಂಡ ಸೋಮಯ್ಯ ಅವರ ಸಮಾಧಿಗಳಿವೆ. ಬೋಪು ಟಿಪ್ಪುವಿನ ವಿರುದ್ಧ ಹೋರಾಡಿ ಸತ್ತ ಸೇನಾಪತಿ. ಹೆಚ್ಚಿನವರು ಗುಮ್ಮಟ ನೋಡಿ ವಾಪಸ್ ಹೋಗುತ್ತಾರೆ. ನೀವು ಹುಡುಕಿಕೊಂಡು ಹೋಗಿ.

ಕೊನೆಯ ರಾಜ ಚಿಕ್ಕವೀರರಾಜೇಂದ್ರ ಮಾತ್ರ ಇಲ್ಲಿಲ್ಲ. 1834ರಲ್ಲಿ ಬ್ರಿಟಿಷರು ಅವನನ್ನು ಇಳಿಸಿ ಕಾಶಿಗೆ ಕಳಿಸಿದರು. 1852ರಲ್ಲಿ ಮಗಳು ಗೌರಮ್ಮನನ್ನು ಕರೆದುಕೊಂಡು ಇಂಗ್ಲೆಂಡಿಗೆ ಹೋದ, 1859ರಲ್ಲಿ ಲಂಡನ್ನಿನಲ್ಲಿ ತೀರಿಕೊಂಡ. ಅಪ್ಪ, ದೊಡ್ಡಪ್ಪ ಇಬ್ಬರ ಗದ್ದುಗೆಯೂ ಇಲ್ಲಿದೆ. ಅವನದ್ದು ಇಲ್ಲ.

ರಾಜಾಸೀಟಿಗೆ ಆಟೋ

ಇಷ್ಟು ಹೊತ್ತಿಗೆ ಕಾಲು ಸೋತಿರುತ್ತದೆ. ರಾಜಾಸೀಟ್ ಊರಿನ ಇನ್ನೊಂದು ಬದಿಗೆ, ನಡೆಯಬೇಡಿ. ಐದು ಗಂಟೆಗೆ ಆಟೋ ಹಿಡಿದರೆ ಸೂರ್ಯ ಮುಳುಗುವ ಮೊದಲು ಮಂಟಪದ ಹತ್ತಿರ ಜಾಗ ಸಿಗುತ್ತದೆ. ರಾಜರು ಸಂಜೆ ಕೂರುತ್ತಿದ್ದ ಜಾಗ ಇದು, ಎದುರಿಗೆ ಪಶ್ಚಿಮದ ಬೆಟ್ಟಸಾಲು. ಸ್ವೆಟರ್ ಹಾಕಿಕೊಳ್ಳಿ, ಬಿಸಿಲು ಹೋದ ತಕ್ಷಣ ಚಳಿ ಬರುತ್ತದೆ. ಕಣಿವೆ ತುಂಬಾ ಮಂಜಿದ್ದರೆ ಏನೂ ಕಾಣಲ್ಲ ಅಂತ ಎದ್ದು ಹೋಗಬೇಡಿ. ಹತ್ತು ನಿಮಿಷ ಕೂರಿ. ಇಲ್ಲಿನ ಮಂಜು ಬಂದ ಹಾಗೇ ಸರಿದುಬಿಡುತ್ತದೆ.