ಹೊಟ್ಟೆಯೊಳಗೆ ಪಂಪು, ದಿಂಬಿನ ಪಕ್ಕ ನೋಟ್‌ಬುಕ್ಕು

ಹೋದ ತಿಂಗಳು ನನ್ನ ಹೊಟ್ಟೆಯೊಳಗಿನ ಪಂಪಿಗೆ ಔಷಧ ತುಂಬಿಸಲು (ರೀಫಿಲ್) ಹೋದಾಗ ಡಾಕ್ಟರು ನನ್ನ ನೋಟ್‌ಬುಕ್ಕಿನ ಎರಡು ಪುಟದ ಫೋಟೊ ತೆಗೆದುಕೊಂಡರು. "ಬೇರೆ ಪೇಷೆಂಟ್‌ಗಳಿಗೂ ತೋರಿಸ್ತೀನಿ" ಅಂದರು. ಶುರುವಿನಲ್ಲಿ ಇದೇ ನೋಟ್‌ಬುಕ್ ನೋಡಿ ನಕ್ಕವರೂ ಅವರೇ. ಅದಕ್ಕೇ ಬರೆಯುತ್ತಿದ್ದೇನೆ. ಸ್ವಲ್ಪ ಜಂಬ ಕಂಡರೆ ಸಹಿಸಿಕೊಳ್ಳಿ.

ನಾನು ಶಿರಸಿ ಕಡೆಯವನು. ಅಡಿಕೆ ಮರದಿಂದ ಬಿದ್ದು ಬೆನ್ನುಹುರಿಗೆ ಟಿ8ರಲ್ಲಿ, ಅಂದರೆ ಎದೆಮಟ್ಟದ ಎಂಟನೇ ಮೂಳೆಯ ಹತ್ತಿರ, ಪೆಟ್ಟು. ಬಿದ್ದ ಕತೆ ಬೇಡ ಬಿಡಿ. ಸ್ಪಾಸಮ್ ಅಂದರೇನು ಅಂತಲೂ ನನ್ನಂತೆ ಬೆನ್ನುಹುರಿಗೆ ಪೆಟ್ಟಾದ ನಿಮಗೆ ಹೇಳಬೇಕಿಲ್ಲ. ರಾತ್ರಿ ಎರಡು ಗಂಟೆಗೆ ನಮ್ಮದೇ ಕಾಲು ಸೆಟೆದು ಕಂಬಳಿ ಒದ್ದು ಕೆಳಗೆ ಹಾಕುವುದು ನಿಮಗೂ ಗೊತ್ತು.

ಸೆಟೆತ ಸಡಿಲಿಸುವ ಬ್ಯಾಕ್ಲೋಫೆನ್ ಮಾತ್ರೆ ದಿನಕ್ಕೆ 80 ಮಿ.ಗ್ರಾಂ.ವರೆಗೂ ಹೋದೆ. ಕಾಲು ಸ್ವಲ್ಪ ಸಡಿಲವಾಯಿತು, ತಲೆ ಪೂರ್ತಿ ಮಂಕಾಯಿತು. ಸೊಸೈಟಿಯಲ್ಲಿ ತೂಕದ ಚೀಟಿ ಕೈಯಲ್ಲಿ ಹಿಡಿದೇ ನಿದ್ದೆ ಹೋಗಿದ್ದೆ. ಅದೇ ಕೆಲಸದ ಇನ್ನೊಂದು ಮಾತ್ರೆ ಟಿಜಾನಿಡಿನ್ ಸೇರಿಸಿದರು, ಬಿಪಿ ಇಳಿಯಿತು. ಸ್ನಾಯುವಿಗೆ ಚುಚ್ಚುವ ಬೊಟಾಕ್ಸ್ ಎರಡು ಸಲ ಆಯಿತು, ಒಂದೊಂದಕ್ಕೆ 35-40 ಸಾವಿರ. ಮೂರು ತಿಂಗಳು ಸುಖ, ಆಮೇಲೆ ಮತ್ತೆ ಅದೇ ಹಾಡು. ಎರಡೂ ತೊಡೆ, ಎರಡೂ ಮೀನಖಂಡ ಅಂದರೆ ಅದು ಎಲ್ಲಿಗೆ ಸಾಕು?

ಕಡೆಗೆ ಉಳಿದದ್ದು ಪಂಪ್: ಹೊಟ್ಟೆಯ ಚರ್ಮದಡಿ ಕೂತು, ಅದೇ ಬ್ಯಾಕ್ಲೋಫೆನನ್ನು ಕೊಳವೆಯಲ್ಲಿ ಬೆನ್ನುಹುರಿಯ ಸುತ್ತಲಿನ ನೀರಿಗೆ ಬಿಡುವ ಯಂತ್ರ. ಅದನ್ನು ಹಾಕುವ ಮೊದಲು ಅದೇ ಔಷಧವನ್ನು ಬೆನ್ನಿಗೆ ಇಂಜೆಕ್ಷನ್ ಕೊಟ್ಟು ಟ್ರಯಲ್ ನೋಡುತ್ತಾರಲ್ಲ. ಮೊದಲ ದಿನ 50 ಮೈಕ್ರೋಗ್ರಾಂ. ಏನೂ ಆಗಲಿಲ್ಲ. "ಹೊಟ್ಟೆಯಲ್ಲಿ ಮಷೀನ್ ಇಟ್ಕೊಂಡು ತಿರುಗ್ತೀಯಾ ಮಾರಾಯಾ" ಅಂತ ಮೊದಲಿಂದ ಹೇಳುತ್ತಿದ್ದ ಭಾವ ಅಲ್ಲೇ ನಿಂತಿದ್ದ, ಮುಖ ನೋಡಲಾಗಲಿಲ್ಲ. ಮರುದಿನ 75. ಎರಡು ತಾಸು ಕಳೆದು ಫಿಸಿಯೋ ಬಂದು ಮೊಣಕಾಲು ಮಡಿಸಿದರೆ ಸಲೀಸಾಗಿ ಮಡಿಸಿಕೊಂಡಿತು. ಹೊಟ್ಟೆಗೆ 80,000 ಮೈಕ್ರೋಗ್ರಾಂ ನುಂಗಿದರೂ ಆಗದ ಕೆಲಸ ಬೆನ್ನಿನ ನೀರಿಗೆ 75 ಹಾಕಿದಾಗ ಆಯಿತು. ಅವತ್ತೇ ನಿರ್ಧಾರ ಮಾಡಿದೆ.

ಪಂಪಿಗೇ ಸುಮಾರು ಆರು ಲಕ್ಷ. ಆಪರೇಷನ್, ಆಸ್ಪತ್ರೆ ಎಲ್ಲ ಸೇರಿ ಎಂಟೂವರೆ. ವಿಮೆಯವರು ಇಂಪ್ಲಾಂಟ್ ಅಂದ ಕೂಡಲೇ ಕೈ ಎತ್ತಿದರು, ಬಂದದ್ದು ಒಂದೂವರೆ ಲಕ್ಷ. ಉಳಿದದ್ದಕ್ಕೆ ಆ ವರ್ಷದ ರಾಶಿ ಅಡಿಕೆ, ಹದಿನಾಲ್ಕೋ ಹದಿನೈದೋ ಕ್ವಿಂಟಲ್ ಹೋಯಿತು. ಹೆಂಡತಿ ಒಂದು ಮಾತೂ ಆಡಲಿಲ್ಲ. ಅದಕ್ಕೇ ಜಾಸ್ತಿ ಹೆದರಿಕೆಯಾಗಿತ್ತು.

ಮೊದಲ ಎರಡು ತಿಂಗಳು ಪೂರ್ತಿ ಸೋಲು. ಡೋಸ್ ಏರಿಸುತ್ತಾ ಹೋದರು, ಕಾಲು ಬೆಂದ ಶಾವಿಗೆಯಂತಾಯಿತು. ಕೇಳಲಿಕ್ಕೆ ಚಂದ. ಆದರೆ ಮಂಚದಿಂದ ಗಾಲಿಕುರ್ಚಿಗೆ ದಾಟುವಾಗ ನಾನು ಆ ಸೆಟೆತವನ್ನೇ ಊರುಗೋಲು ಮಾಡಿಕೊಂಡಿದ್ದೆ ಅಂತ ಗೊತ್ತಾದದ್ದು ಆಗಲೇ. ಬೆಳಿಗ್ಗೆ ಆರಕ್ಕೆ ದಾಟಲು ಹೋಗಿ, ಕಾಲು ಮಡಿಸಿ, ಮಂಚದ ಬುಡದಲ್ಲಿ ಕುಳಿತೆ. ಅಮ್ಮ ಓಡಿ ಬಂದು "ಇದಕ್ಕಿಂತ ಮೊದಲೇ ಚಲೋ ಇತ್ತಲ್ಲೋ ಅಪ್ಪಿ" ಅಂದಳು. ಡೋಸ್ ಇಳಿಸಿದರೆ ರಾತ್ರಿ ಮತ್ತೆ ಒದೆತ.

ಆಗ ಶುರುವಾದದ್ದು ನೋಟ್‌ಬುಕ್. ನೂರು ಪುಟದ ಶಾಲೆ ಪುಸ್ತಕ. ಗಂಟೆ, ಯಾವ ಕಾಲು, ಏನು ಮಾಡುತ್ತಿದ್ದೆ, ಜೋರು ಎಷ್ಟು (ಒಂದರಿಂದ ಮೂರು). ಆರು ವಾರ ಬಿಡದೆ ಬರೆದೆ. ದಿನಕ್ಕೆ ಇಪ್ಪತ್ತು ಸ್ಪಾಸಮ್ ಇದ್ದರೆ ಹದಿನಾಲ್ಕು ರಾತ್ರಿ ಹತ್ತರಿಂದ ನಾಲ್ಕರೊಳಗೆ. ಹಗಲಿಗೆ ಅಷ್ಟು ಔಷಧ ನನಗೆ ಬೇಡವೇ ಬೇಡ! ಈ ಪಂಪಿನಲ್ಲಿ ಗಂಟೆಗೊಂದು ಲೆಕ್ಕ ಇಡಲು ಬರುತ್ತದೆ ಅಂತ ಗೊತ್ತಿತ್ತು. ಡಾಕ್ಟರು "ಒಂದೇ ರೇಟ್ ಸಾಕು, ಸುಮ್ನೆ ಗೊಂದಲ" ಅಂದರು. ಮೂರು ಸಲ ಹೋಗಿ ಕಾಡಿದ ಮೇಲೆ ಒಪ್ಪಿದರು.

ಈಗ ಗಂಟೆಗೆ 8 ಮೈಕ್ರೋಗ್ರಾಂ ಸತತ. ರಾತ್ರಿ ಒಂಬತ್ತೂವರೆಗೆ 60ರ ಒಂದು ಬೋಲಸ್ (ಒಮ್ಮೆಗೇ ಬಿಡುವ ಹೆಚ್ಚಿನ ಡೋಸ್), ಎರಡಕ್ಕೆ 30ರ ಇನ್ನೊಂದು. ಒಟ್ಟು 280ರ ಆಸುಪಾಸು. ಬೋಲಸ್ ಹತ್ತಲು ಒಂದು ತಾಸಾದರೂ ಬೇಕು. ಮೊದಲು ಹನ್ನೊಂದಕ್ಕೆ ಇಟ್ಟು ಒಂದು ತಿಂಗಳು ಹಾಳು ಮಾಡಿಕೊಂಡೆವು. ಬೆಳಿಗ್ಗೆ ಆರಕ್ಕೆ ಬೇಕಾದಷ್ಟು ಬಿಗಿ ವಾಪಸ್ ಬಂದಿರುತ್ತದೆ. ತೊಡೆಯ ಯಾವ ಜಾಗಕ್ಕೆ ತಟ್ಟಿದರೆ ಕಾಲು ನೆಟ್ಟಗೆ ನಿಲ್ಲುತ್ತದೆ ಅನ್ನುವುದು ಮಾತ್ರ ನನ್ನ ಗುಟ್ಟು. ನಿಮ್ಮ ಜಾಗ ಬೇರೆಯೇ ಇರುತ್ತದೆ, ಹುಡುಕಿಕೊಳ್ಳಿ. ಔಷಧ ತಪ್ಪದೆ ತರಿಸುವ ದಾರಿಯನ್ನೂ ಇಲ್ಲಿ ಬರೆಯುವುದಿಲ್ಲ, ಸಿಕ್ಕಾಗ ಹೇಳುತ್ತೇನೆ.

ಎರಡನೇ ವರ್ಷ ದೊಡ್ಡ ಹೊಡೆತ ಬಿತ್ತು. ಒಂದು ಸಂಜೆ ಕುತ್ತಿಗೆ, ತೋಳು, ತಲೆಬುರುಡೆ ಎಲ್ಲ ತುರಿಕೆ. ಮೈಮೇಲೆ ಒಂದು ಗಂದೆಯೂ ಇಲ್ಲ. ಹತ್ತಿರದ ಆಸ್ಪತ್ರೆಯಲ್ಲಿ ಅಲರ್ಜಿ ಮಾತ್ರೆ ಕೊಟ್ಟು ಕಳಿಸಿದರು. ಮರುದಿನಕ್ಕೆ ಕಾಲು ಹಲಗೆಯಾಗಿತ್ತು, ಮೈ ಕೆಂಡ. ಪಂಪ್ ಇದ್ದವರಿಗೆ ಗಂದೆ ಇಲ್ಲದ ತುರಿಕೆ ಅಂದರೆ ಔಷಧ ಬೆನ್ನಿಗೆ ಹೋಗುತ್ತಿಲ್ಲ ಅಂತ ಇರಬಹುದು. ತಡವಾದರೆ ಫಿಟ್ಸ್ ಬರಬಹುದು, ಜೀವವೂ ಹೋಗಬಹುದು. ಬ್ಯಾಕ್ಲೋಫೆನ್ ಮಾತ್ರೆ ನುಂಗುತ್ತಾ ಆಂಬುಲೆನ್ಸ್‌ನಲ್ಲಿ ಬೆಂಗಳೂರಿಗೆ ಹೋದೆ. ಮಾತ್ರೆಯಿಂದ ಅದು ಪೂರ್ತಿ ತಡೆಯುವುದಿಲ್ಲ, ನೆನಪಿರಲಿ. ಅಲ್ಲಿ ಪಂಪ್ ಚೆಕ್ ಮಾಡಿದರೆ ಎಲ್ಲ ಸರಿ! ಪಂಪಿನೊಳಗಿನ ತೊಟ್ಟಿಯಲ್ಲಿ ಉಳಿಯಬೇಕಾದಷ್ಟೇ ಔಷಧ ಉಳಿದಿದೆ. ಹಾಗಾದರೆ ಮೂತ್ರದ ಸೋಂಕು ಅಂದರು. ಅದೂ ಇಲ್ಲ. ಪಂಪ್ ಸರಿ ಇದ್ದರೆ ಕೊಳವೆ ಸರಿ ಇದೆ ಅಂತ ಅರ್ಥವಾ? ಆಮೇಲೆ ಪಂಪಿನ ಪಕ್ಕದ ರಂಧ್ರದಿಂದ ಕೊಳವೆಯ ನೀರು ಹಿಂದಕ್ಕೆ ಎಳೆದು ನೋಡಿದರು. ಎರಡು ಹನಿಯೂ ಸರಿಯಾಗಿ ಬರಲಿಲ್ಲ. ಬಾರದಿದ್ದರೆ ಡೈ (ಎಕ್ಸ್‌ರೇಯಲ್ಲಿ ಕೊಳವೆ ಕಾಣಿಸುವ ದ್ರವ) ಹಾಕುವಂತಿಲ್ಲ, ಕೊಳವೆಯಲ್ಲಿರುವ ಔಷಧ ಒಮ್ಮೆಗೇ ಒಳಗೆ ಹೋಗಿಬಿಡಬಹುದು. ಬೆನ್ನು ಬಿಚ್ಚಿದಾಗ ಹೊಲಿಗೆ ಹಾಕಿದ ಜಾಗದಲ್ಲೇ ಕೊಳವೆ ಸೀಳಿತ್ತು. ಎರಡು ಲಕ್ಷದ ಹತ್ತಿರ ಹತ್ತಿರ ಮತ್ತೆ ಹೋಯಿತು. ಭಾವ ಆಸ್ಪತ್ರೆಗೆ ಬರಲೇ ಇಲ್ಲ, ಪುಣ್ಯ.

ಕೆಲವು ಅಡ್ಡ ಪ್ರಯೋಗಗಳನ್ನೂ ಮಾಡಿದೆ. ಕವಳ (ಎಲೆ-ಅಡಿಕೆ) ಬಿಟ್ಟರೆ ಸೆಟೆತ ಕಡಿಮೆಯಾಗುತ್ತದೆ ಅಂತ ಯಾರೋ ಹೇಳಿದರು. ಹದಿನೈದು ದಿನ ಬಿಟ್ಟು ಬರೆದಿಟ್ಟೆ. ಲೆಕ್ಕದಲ್ಲಿ ಒಂದೂ ವ್ಯತ್ಯಾಸವಿಲ್ಲ, ಮನೆಯವರ ಜತೆ ಜಗಳ ಮಾತ್ರ ಜಾಸ್ತಿ. ಮತ್ತೆ ಶುರು ಮಾಡಿದೆ. ಡಿಸೆಂಬರ್ ಚಳಿಗೆ ದಿನಕ್ಕೆ ನಾಲ್ಕೈದು ಹೆಚ್ಚು ಬರುತ್ತದೆ. ಹೋದ ವರ್ಷ ಎಡಗಾಲಿಗೆ ಮಾತ್ರ ದಿಢೀರನೆ ದುಪ್ಪಟ್ಟಾಯಿತು. ಮತ್ತೆ ಕೊಳವೆಯೇ ಅಂತ ನಡುಗಿ ಬ್ಯಾಗ್ ತುಂಬಿದ್ದೆ. ಕಾಲುಚೀಲ ಹಾಕುವಾಗ ಹೆಂಡತಿ ನೋಡಿದಳು, ಹೆಬ್ಬೆರಳಿನ ಉಗುರು ಮಾಂಸಕ್ಕೆ ಬೆಳೆದು ಕೀವು ತುಂಬಿತ್ತು. ಸೆಟೆತ ಏರಿಸಿದ್ದು ಅದೇ, ಪಂಪಿಗೆ ಏನೂ ಆಗಿರಲಿಲ್ಲ. ಒಂದು ಸಲ ಎಂಆರ್‌ಐ ಆಯಿತು. ಆ ಅಯಸ್ಕಾಂತದೊಳಗೆ ಪಂಪ್ ನಿಲ್ಲುತ್ತದೆ, ಹೊರಗೆ ಬಂದ ಮೇಲೆ ತಾನೇ ಶುರುವಾಗಬೇಕು. ಶುರುವಾಯಿತಾ ಅಂತ ಮಷೀನ್ ಹಚ್ಚಿ ನೋಡದೆ ಮನೆಗೆ ಹೊರಡಬೇಡಿ. ನಾನು ಎರಡು ತಾಸು ಕಾದೆ.

ನನ್ನದು 20 ಎಂಎಲ್ ತೊಟ್ಟಿ, ನಾಲ್ಕು ತಿಂಗಳಿಗೊಂದು ರೀಫಿಲ್. ಪ್ರತಿ ಸಲ ಔಷಧ, ಗಾಡಿ ಬಾಡಿಗೆ ಸೇರಿ 25 ಸಾವಿರದ ಮೇಲೆ. ಕೊಯ್ಲಿನ ಗಡಿಬಿಡಿಯಲ್ಲಿ ಒಂದು ಸಲ ಒಂದು ವಾರ ಮುಂದೂಡಿದೆ. ಊಟಕ್ಕೆ ಕುಳಿತಾಗ ಎಲ್ಲಿಂದಲೋ ಪೀಂ ಪೀಂ. ಅಮ್ಮ ಯಾರದ್ದೋ ಮೊಬೈಲ್ ಅಂತ ಚೀಲವೆಲ್ಲ ಜಾಲಾಡಿದಳು. ಕೂಗುತ್ತಿದ್ದದ್ದು ನನ್ನ ಹೊಟ್ಟೆ. ಅನ್ನ ಅಲ್ಲೇ ಬಿಟ್ಟು ರಾತ್ರಿಯೇ ಗಾಡಿ ಹತ್ತಿದೆ.

ಬ್ಯಾಟರಿ ಆರೇಳು ವರ್ಷ ಬರುತ್ತದೆ ಅಂದಿದ್ದಾರೆ, ಆಮೇಲೆ ಪಂಪ್ ಪೂರ್ತಿ ಹೊಸದು. ನಾಲ್ಕು ವರ್ಷ ಮುಗಿದಿದೆ. ಸೊಸೈಟಿಯಲ್ಲಿ ತಿಂಗಳಿಗೆ ಏಳು ಸಾವಿರದ ಆರ್‌ಡಿ ಹಾಕಿದ್ದೇನೆ. ಮೊನ್ನೆ ಪಾಸ್‌ಬುಕ್ ನೋಡಿದ ಭಾವ, "ಯಾವ ತೋಟ ತಗೊಳ್ತೀಯಾ ಮಾರಾಯಾ" ಅಂತ ಕೇಳಿದ.