ಸಹಿ ಸಂಗ್ರಾಹಕರ ಮೇಲಿನ ನಿಯಮವನ್ನು ನ್ಯಾಯಾಲಯದಲ್ಲಿ ಪ್ರಶ್ನಿಸುವುದು ಹೇಗೆ

ಅಮೆರಿಕದ ಹಲವು ರಾಜ್ಯಗಳಲ್ಲಿ ನಾಗರಿಕರೇ ಕಾನೂನಿನ ಕರಡು ಬರೆದು, ನಿಗದಿತ ಸಂಖ್ಯೆಯ ಮತದಾರರ ಸಹಿ ಸಂಗ್ರಹಿಸಿ, ಅದನ್ನು ನೇರವಾಗಿ ಜನರ ಮತಕ್ಕೆ ಹಾಕಿಸಬಹುದು. ಆ ಸಹಿಗಳನ್ನು ಯಾರು, ಹೇಗೆ ಸಂಗ್ರಹಿಸಬೇಕೆಂಬುದಕ್ಕೆ ರಾಜ್ಯಗಳು ಹಾಕುವ ನಿಯಮಗಳು ವಾಕ್ ಸ್ವಾತಂತ್ರ್ಯವನ್ನು ಮೊಟಕುಗೊಳಿಸುತ್ತವೆ ಎಂದು ವಾದಿಸಲು ಹೊರಟವರು ಮೊದಲು ಕೇಳಿಕೊಳ್ಳಬೇಕಾದ ಪ್ರಶ್ನೆ ಒಂದೇ: ಈ ನಿಯಮ ಅಡ್ಡ ಬರುವುದು ಮಾತು ನಡೆಯುವಾಗಲೋ, ಮಾತು ಮುಗಿದ ಮೇಲೋ?

ಈ ಪ್ರಶ್ನೆಯ ಬೇರು 1988ರ ಮೇಯರ್ ವಿರುದ್ಧ ಗ್ರಾಂಟ್ ತೀರ್ಪಿನಲ್ಲಿದೆ. ಸಂಗ್ರಾಹಕರಿಗೆ ಹಣ ಕೊಡುವುದನ್ನೇ ಅಪರಾಧವಾಗಿಸಿದ್ದ ಕೊಲೊರಾಡೊದ ಕಾನೂನನ್ನು ಸುಪ್ರೀಂ ಕೋರ್ಟ್ ಸರ್ವಾನುಮತದಿಂದ ರದ್ದುಪಡಿಸಿತು. ಸಹಿ ಕೇಳುವವನು ಬದಲಾವಣೆ ಏಕೆ ಬೇಕೆಂದು ಎದುರಿಗಿರುವವರಿಗೆ ವಿವರಿಸಲೇಬೇಕಾಗುತ್ತದೆ; ಆದ್ದರಿಂದ ಅದು ರಾಜಕೀಯ ಮಾತಿನ ತಿರುಳು, ಅದಕ್ಕೆ ಅತ್ಯಂತ ಬಲವಾದ ರಕ್ಷಣೆ ಇದೆ ಎಂಬುದು ಆ ತೀರ್ಪಿನ ಸಾರ.

ಅದೇ ರಾಜ್ಯದ ನಿಯಮಗಳ ಬಗ್ಗೆ 1999ರಲ್ಲಿ ಬಂದ ಬಕ್ಲಿ ತೀರ್ಪನ್ನು ಇನ್ನೂ ನಿಧಾನವಾಗಿ ಓದಬೇಕು. ಸಂಗ್ರಾಹಕರು ಹೆಸರಿನ ಬಿಲ್ಲೆ ಧರಿಸಬೇಕೆಂಬ ನಿಯಮ ಅಲ್ಲಿ ಬಿದ್ದುಹೋಯಿತು. ಆದರೆ ಹೆಸರು, ವಿಳಾಸಗಳಿರುವ ಪ್ರಮಾಣಪತ್ರವನ್ನು ಅರ್ಜಿಯೊಂದಿಗೆ ಸಲ್ಲಿಸಬೇಕೆಂಬ ನಿಯಮ ಉಳಿದುಕೊಂಡಿತು. ಎರಡರಲ್ಲೂ ಬಯಲಾಗುವುದು ಅದೇ ಹೆಸರು. ವ್ಯತ್ಯಾಸವಿರುವುದು ಗಳಿಗೆಯಲ್ಲಿ. ಅಪರಿಚಿತನೊಬ್ಬ ಸಿಟ್ಟಿನಿಂದ ವಾದಕ್ಕೆ ನಿಂತಿರುವಾಗಲೇ ಎದೆಯ ಮೇಲಿನ ಬಿಲ್ಲೆ ಅವನಿಗೆ ಹೆಸರು ತೋರಿಸುತ್ತದೆ. ಪ್ರಮಾಣಪತ್ರವಾದರೋ ಆ ಬಿಸಿ ಆರಿದ ಮೇಲೆ ಕಚೇರಿಯ ಕಡತ ಸೇರುತ್ತದೆ. ಸಂಗ್ರಾಹಕರು ನೋಂದಾಯಿತ ಮತದಾರರಾಗಿರಲೇಬೇಕೆಂಬ ಷರತ್ತೂ ಅದೇ ತೀರ್ಪಿನಲ್ಲಿ ರದ್ದಾಯಿತು, ಏಕೆಂದರೆ ಅರ್ಹತೆಯಿದ್ದೂ ನೋಂದಾಯಿಸಿಕೊಳ್ಳದ ಕನಿಷ್ಠ 4 ಲಕ್ಷ ಜನ ಅದರಿಂದ ಹೊರಗುಳಿಯುತ್ತಿದ್ದರು.

ಇಂಥ ಅಂಕಿಯೇ ಮೊಕದ್ದಮೆಯ ಬೆನ್ನೆಲುಬು. ಪ್ರತಿ ಸಹಿಗೆ ಇಷ್ಟು ಎಂದು ಹಣ ಕೊಡುವುದಕ್ಕಿರುವ ನಿಷೇಧವನ್ನೇ ನೋಡಿ: ನಾರ್ತ್ ಡಕೋಟಾ (2001) ಮತ್ತು ಒರೆಗಾನ್ (2006) ಪ್ರಕರಣಗಳಲ್ಲಿ ಹೊರೆಗೆ ಸಾಕಷ್ಟು ಪುರಾವೆ ಇಲ್ಲವೆಂದು ಮೇಲ್ಮನವಿ ನ್ಯಾಯಾಲಯಗಳು ಅದನ್ನು ಎತ್ತಿಹಿಡಿದರೆ, ಒಹಾಯೋದ ಇನ್ನಷ್ಟು ಕಠಿಣ ನಿಷೇಧ 2008ರಲ್ಲಿ ರದ್ದಾಯಿತು. ಹಾಗಾಗಿ ನಿಯಮದಿಂದ ಖರ್ಚು ಎಷ್ಟು ಏರಿತು, ಎಷ್ಟು ಮಂದಿ ಕೆಲಸ ಬಿಟ್ಟರು, ಗಂಟೆಗೆ ಎಷ್ಟು ಸಹಿ ಕಡಿಮೆಯಾಯಿತು ಎಂಬುದನ್ನು ಪ್ರಮಾಣೀಕೃತ ಹೇಳಿಕೆಗಳಲ್ಲಿ ದಿನಾಂಕ ಸಹಿತ ದಾಖಲಿಸಿಕೊಳ್ಳಿ. ತೊಂದರೆಯಾಯಿತು ಎಂಬ ಬರಿಯ ಮಾತು ನ್ಯಾಯಾಲಯದಲ್ಲಿ ನಡೆಯುವುದಿಲ್ಲ.

ಹೊರರಾಜ್ಯದವರು ಸಹಿ ಸಂಗ್ರಹಿಸಬಾರದೆಂಬ ನಿಯಮದ ವಿರುದ್ಧ ಇನ್ನೊಂದು ಅಸ್ತ್ರವಿದೆ. ವಂಚನೆ ನಡೆದರೆ ಆರೋಪಿ ಕೈಗೆ ಸಿಗಬೇಕೆಂಬುದು ರಾಜ್ಯದ ಸಾಮಾನ್ಯ ವಾದ. ರಾಜ್ಯದ ನ್ಯಾಯಾಲಯಗಳ ಅಧಿಕಾರಕ್ಕೆ ಒಳಪಡುತ್ತೇನೆಂದು ಸಂಗ್ರಾಹಕನಿಂದ ಮೊದಲೇ ಬರೆಸಿಕೊಂಡರೆ ಆ ಉದ್ದೇಶ ಈಡೇರುತ್ತದೆ ಎಂದು ತೋರಿಸಿ. ಒಕ್ಲಹೋಮ, ಅರಿಜೋನಾ, ವರ್ಜೀನಿಯಾಗಳ ಇಂಥ ನಿಯಮಗಳು ಉಳಿಯಲಿಲ್ಲ. ನಾರ್ತ್ ಡಕೋಟಾದ್ದು ಮಾತ್ರ ಉಳಿಯಿತು, ಆದ್ದರಿಂದ ನಿಮ್ಮ ರಾಜ್ಯ ಯಾವ ಫೆಡರಲ್ ಮೇಲ್ಮನವಿ ನ್ಯಾಯಾಲಯದ ವ್ಯಾಪ್ತಿಗೆ, ಅಂದರೆ ಯಾವ ಸರ್ಕ್ಯೂಟ್‌ಗೆ ಸೇರಿದೆ ಎಂಬುದನ್ನು ಮೊದಲೇ ನೋಡಿಕೊಳ್ಳಿ.

ದಾವೆಯನ್ನು ಫೆಡರಲ್ ಸಂಹಿತೆಯ 42ನೇ ಭಾಗದ 1983ನೇ ಕಲಮಿನಡಿ, ಅಂದರೆ ಸಂವಿಧಾನದ ಹಕ್ಕು ಮೊಟಕುಗೊಳಿಸುವ ರಾಜ್ಯ ಅಧಿಕಾರಿಗಳ ಮೇಲೆ ದಾವೆಗೆ ಅವಕಾಶ ಕೊಡುವ ಕಲಮಿನಡಿ, ಹೂಡಲಾಗುತ್ತದೆ. ಪ್ರತಿವಾದಿಯಾಗಿ ರಾಜ್ಯವನ್ನಲ್ಲ, ನಿಯಮ ಜಾರಿಗೊಳಿಸುವ ಅಧಿಕಾರಿಯನ್ನು, ಬಹುತೇಕ ಕಡೆ ರಾಜ್ಯದ ಚುನಾವಣೆಗಳ ಹೊಣೆ ಹೊತ್ತ ಸೆಕ್ರೆಟರಿ ಆಫ್ ಸ್ಟೇಟ್ ಅವರನ್ನು, ಹೆಸರಿಸಬೇಕು. ಸಹಿ ಸಲ್ಲಿಸುವ ಗಡುವು ಹತ್ತಿರವಾಗುವ ಮುನ್ನವೇ ಮಧ್ಯಂತರ ತಡೆಯಾಜ್ಞೆ ಕೋರುವುದು ಜಾಣತನ. ಪ್ರಕರಣ ನಡೆಯುತ್ತಿರುವಾಗಲೇ ಚುನಾವಣೆ ಮುಗಿದುಹೋದರೂ, ಮುಂದಿನ ಚುನಾವಣೆಯಲ್ಲಿ ಅದೇ ನಿಯಮ ಮತ್ತೆ ಎದುರಾಗುತ್ತದೆಂದು ತೋರಿಸಿದರೆ ವಿಚಾರಣೆ ಮುಂದುವರಿಯಲು ಅವಕಾಶವಿದೆ. ಅದಕ್ಕಾಗಿ, ಮತ್ತೆ ಸಹಿ ಸಂಗ್ರಹಕ್ಕೆ ಇಳಿಯುವ ಉದ್ದೇಶವಿದೆ ಎಂಬ ವಾಕ್ಯವನ್ನು ಫಿರ್ಯಾದುದಾರರ ಹೇಳಿಕೆಯಲ್ಲಿ ಮೊದಲ ದಿನವೇ ಸೇರಿಸಿಡಿ.