ಹೇರ್‌ಕಾಸಲ್ ಸುರಂಗದಲ್ಲಿ ತಲೆ ತಗ್ಗಿಸಿದ್ದು

ನನ್ನ ಎತ್ತರ ಆರು ಅಡಿ. ಇಂಗ್ಲೆಂಡಿನ ಸ್ಟಾಫರ್ಡ್‌ಶೈರ್‌ನಲ್ಲಿರುವ ಹೇರ್‌ಕಾಸಲ್ ಕಾಲುವೆ ಸುರಂಗದಲ್ಲಿ ನೀರಿನಿಂದ ಛಾವಣಿಗೆ ಸಿಗುವ ಜಾಗ, ತೀರಾ ತಗ್ಗಾದ ಕಡೆ, ಆರು ಅಡಿಗೂ ಕಡಿಮೆ. ನಿಂತು ದೋಣಿ ನಡೆಸುವವನಿಗೆ ಈ ಲೆಕ್ಕ ಅರ್ಥವಾಗಲು ಗಣಿತ ಬೇಕಿಲ್ಲ.

ಗೆಳೆಯನ ಐವತ್ತೇಳು ಅಡಿ ಉದ್ದದ, ಏಳಡಿಗೂ ಕಡಿಮೆ ಅಗಲದ ನ್ಯಾರೋಬೋಟನ್ನು (ಕಾಲುವೆಯ ಕಿರಿದಾದ ದೋಣಿಯನ್ನು) ಎರವಲು ಪಡೆದು ಟ್ರೆಂಟ್ ಅಂಡ್ ಮರ್ಸಿ ಕಾಲುವೆಯಲ್ಲಿ ದಕ್ಷಿಣಕ್ಕೆ ಹೊರಟಿದ್ದೆವು. ಸುರಂಗದ ಉತ್ತರ ತುದಿಯ ಊರಾದ ಕಿಡ್ಸ್‌ಗ್ರೋವ್ ತಲುಪುವ ಹೊತ್ತಿಗೆ ನೀರು ಇಟ್ಟಿಗೆ ಕಲಸಿದಂತೆ ಕೆಂಪಗಾಗಿತ್ತು. ಬೆಟ್ಟದ ಒಡಲಿನ ಕಬ್ಬಿಣದ ಅದಿರಿನಿಂದ ಬಂದ ಬಣ್ಣವದು. ಅಲ್ಲಿ ಎರಡು ಸುರಂಗಗಳ ಬಾಯಿಗಳು ಕಾಣುತ್ತವೆ. ಎಂಜಿನಿಯರ್ ಜೇಮ್ಸ್ ಬ್ರಿಂಡ್ಲಿ ಆರಂಭಿಸಿ, 1777ರಲ್ಲಿ ತೆರೆದ ಹಳೆಯದು ಈಗ ಮುಚ್ಚಿದೆ. ಅದರೊಳಗೆ ದೋಣಿ ಎಳೆಯುವ ಕುದುರೆ ನಡೆಯಲು ದಾರಿಯೇ ಇರಲಿಲ್ಲ. ಕುದುರೆಯನ್ನು ಗುಡ್ಡ ಹತ್ತಿಸಿ ಆಚೆ ಕಳುಹಿಸಿ, ಆಳುಗಳು ದೋಣಿಯ ಮೇಲೆ ಅಂಗಾತ ಮಲಗಿ ಗೋಡೆಯನ್ನು ಕಾಲಿನಿಂದ ಒದೆಯುತ್ತ ಸಾಗುತ್ತಿದ್ದರು. ನಾವು ಹೋಗಬೇಕಿದ್ದುದು ಇನ್ನೊಬ್ಬ ಎಂಜಿನಿಯರ್ ಥಾಮಸ್ ಟೆಲ್‌ಫೋರ್ಡ್ ಕಟ್ಟಿಸಿದ, 1827ರಲ್ಲಿ ತೆರೆದ ಸುರಂಗಕ್ಕೆ. ಉದ್ದ ಸುಮಾರು 2.7 ಕಿಲೋಮೀಟರ್. ಒಮ್ಮೆಗೆ ಒಂದೇ ದಿಕ್ಕಿನ ಸಂಚಾರ.

ಸುರಂಗದ ಕಾವಲುಗಾರರು ಹಾರ್ನ್ ಮತ್ತು ಮುಂದೀಪ ಪರೀಕ್ಷಿಸಿದರು. ದೋಣಿಯ ಚಾವಣಿಯ ಮೇಲಿದ್ದ ಹೂಕುಂಡ, ಸೈಕಲ್, ಒಲೆಯ ಹೊಗೆಕೊಳವೆ ಎಲ್ಲವನ್ನೂ ನಾನು ಮೊದಲೇ ಇಳಿಸಿದ್ದೆ. ಕ್ಯಾಬಿನ್ನಿನ ದೀಪಗಳನ್ನು ಹೊತ್ತಿಸಿ ಪರದೆ ಸರಿಸಿಟ್ಟೆ. ಈ ಉಪಾಯ ಗೆಳೆಯನದು: ಕಿಟಕಿಯ ಬೆಳಕು ಎರಡೂ ಗೋಡೆಗಳ ಮೇಲೆ ಬಿದ್ದರೆ, ಎಷ್ಟು ಅಂತರ ಉಳಿದಿದೆ ಎಂಬುದು ಕಣ್ಣಿಗೆ ಸಿಗುತ್ತದೆ. ಬರಿಯ ಮುಂದೀಪವನ್ನೇ ನಂಬಿದರೆ ದೂರದ ಕತ್ತಲೆಯನ್ನು ದಿಟ್ಟಿಸುತ್ತ ಪಕ್ಕದ ಇಟ್ಟಿಗೆಗೆ ಉಜ್ಜುತ್ತೀರಿ.

ಮೊದಲ ಹತ್ತು ನಿಮಿಷ ಸರಾಗ. ಆಮೇಲೆ ಛಾವಣಿ ಇಳಿಯತೊಡಗಿತು. ಅಲ್ಲೇ ನನ್ನ ತಪ್ಪು. ತಲೆ ತಗ್ಗಿಸಿದಾಗ ಮೈ ಎಡಕ್ಕೆ ವಾಲಿತು, ಮೈಯೊಡನೆ ಟಿಲ್ಲರ್ (ಚುಕ್ಕಾಣಿ ತಿರುಗಿಸುವ ಹಿಡಿ) ಹಿಡಿದ ಕೈಯೂ ಸರಿಯಿತು. ಟಿಲ್ಲರ್ ಎಡಕ್ಕೆ ಹೋದರೆ ದೋಣಿಯ ಮೂತಿ ಬಲಕ್ಕೆ. "ರೀ, ಗೋಡೆ!" ಎಂದು ಒಳಗಿನಿಂದ ಹೆಂಡತಿ ಕೂಗುವಷ್ಟರಲ್ಲಿ ಉಕ್ಕು ಇಟ್ಟಿಗೆಗೆ ತಾಗಿ ಕರ್ರೆಂದಿತು. ಗಾಬರಿಯಲ್ಲಿ ತಿದ್ದಿದ್ದು ಅತಿಯಾಗಿ ಎಡಗೋಡೆಗೂ ಒಂದು ಕಾಣಿಕೆ ಸಂದಿತು. ಐವತ್ತೇಳು ಅಡಿಯ ದೋಣಿ ಹೇಳಿದ ಮಾತನ್ನು ತಡವಾಗಿ ಕೇಳಿಸಿಕೊಳ್ಳುತ್ತದೆ. ಅಷ್ಟರಲ್ಲಿ ನಾವು ಇನ್ನೊಂದು ಮಾತು ಹೇಳಿಬಿಟ್ಟಿರುತ್ತೇವೆ.

ವೇಗ ಪೂರ್ತಿ ಇಳಿಸೋಣವೆನಿಸಿತು. ಅದೂ ಸಲ್ಲದು. ಪ್ರೊಪೆಲರ್ ತಳ್ಳುವ ನೀರು ಚುಕ್ಕಾಣಿಯ ಹಲಗೆಗೆ ಬಡಿದರಷ್ಟೇ ದೋಣಿ ತಿರುಗುವುದು. ಹಾಗಾಗಿ ಎಂಜಿನ್ನನ್ನು ಒಂದೇ ಹದದಲ್ಲಿ ಬಿಟ್ಟು, ನಿಲ್ಲುವ ರೀತಿಯನ್ನು ಬದಲಿಸಿದೆ. ಹಿಂಬಾಗಿಲಿನೊಳಗೆ ಒಂದು ಮೆಟ್ಟಿಲು ಇಳಿದು, ಬೆನ್ನನ್ನು ಚೌಕಟ್ಟಿಗೆ ಆನಿಸಿ, ಕತ್ತಿನ ಬದಲು ಮಂಡಿ ಬಗ್ಗಿಸಿದೆ. ಮೈ ನೆಟ್ಟಗೆ ಕೆಳಗಿಳಿಯಿತು, ಟಿಲ್ಲರ್ ಅಲ್ಲಾಡಲಿಲ್ಲ. ಮತ್ತೆ ಗೋಡೆ ತಾಗಲಿಲ್ಲ ಎನ್ನಲಾರೆ, ಕಡಿಮೆಯಾಯಿತು.

ಕಿಡ್ಸ್‌ಗ್ರೋವ್ ಬಾಗರ್ಟ್ ಎಂಬ ದೆವ್ವ ಇಲ್ಲಿದೆಯೆಂದು ಸ್ಥಳೀಯರು ಹೇಳುತ್ತಾರೆ. ಮಗಳು ಕಿಟಕಿಗೆ ಮೂಗು ಒತ್ತಿ ಅದಕ್ಕಾಗಿ ಕಾಯುತ್ತಿದ್ದಳು. ನನ್ನನ್ನು ಹೆದರಿಸಿದ್ದು ಬೇರೆ. ಹೊಗೆ ಎಳೆಯುವ ಫ್ಯಾನುಗಳು ದಕ್ಷಿಣದ ತುದಿಯಲ್ಲಿವೆ, ಅಲ್ಲಿನ ಬಾಗಿಲನ್ನು ಮುಚ್ಚಿರುತ್ತಾರೆ. ಹೀಗಾಗಿ ದಕ್ಷಿಣಕ್ಕೆ ಹೋಗುವವರಿಗೆ ಕೊನೆಯಲ್ಲಿ ಬೆಳಕಿನ ಚುಕ್ಕಿಯೂ ಇಲ್ಲ. ಮೊರೆತ ಮಾತ್ರ ಹೆಚ್ಚುತ್ತ ಹೋಗುತ್ತದೆ. ಬಾಗಿಲು ತೆರೆಯುತ್ತದೆಂದು ಗೊತ್ತಿದ್ದೂ ನನ್ನ ಕೈ ಎರಡು ಸಲ ಎಂಜಿನ್ನಿನ ವೇಗದ ಹಿಡಿಯತ್ತ ಹೋಯಿತು. ಕಡೆಗೆ ಬಾಗಿಲು ಮೇಲೇಳುತ್ತಿದ್ದಂತೆ ಬೂದು ಬೆಳಕಿನ ಪಟ್ಟಿಯೊಂದು ನೀರಿನ ಮೇಲೆ ಬಿತ್ತು.

ಒಟ್ಟು ಹಿಡಿದದ್ದು ಸುಮಾರು ನಲವತ್ತು ನಿಮಿಷ. ಹೊರಬಂದು ದೋಣಿ ಕಟ್ಟಿದಾಗ ಎರಡೂ ಬದಿಯ ಬಣ್ಣ ಕೆತ್ತಿಹೋಗಿತ್ತು. ಗೆಳೆಯನಿಗೆ ಫೋನ್ ಮಾಡಿ ಎಡಬದಿಯದನ್ನು ಮಾತ್ರ ಹೇಳಿದೆ.